ಅಜ್ಜಿ ಕರೆದರೆ ಮಾತ್ರ ಹಾಲು ಕೊಡುತ್ತಿದ್ದ ಕೌಲೆ: ನಿಮ್ಮ ಮನೆಯಲ್ಲಿ ಪ್ರಾಣಿಗಳನ್ನು ಹೇಗೆ ಕರೆಯುತ್ತಿದ್ದರು?

ಕೊಟ್ಟಿಗೆ ಹಾದಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಸಣ್ಣ ಹಳ್ಳಿ. 18 ದಿನದ ಹಿಂದೆ ನಮ್ಮಜ್ಜಿ ತೀರಿಕೊಂಡರು. 86 ವರ್ಷ. ಹಿಂದಿನ ಸಂಜೆ ಕೂಡ ಕೊಟ್ಟಿಗೆಗೆ ಹೋಗಿ ಹಾಲು ಕರೆದು, ಗಂಜಿ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ.

ಕೊಟ್ಟಿಗೆಯಲ್ಲಿ ಈಗ ಇರುವುದು ಒಂದೇ ಹಸು, ಅದರದೊಂದು ಕರು. ಹಸುವಿನ ಹೆಸರು ಕೌಲೆ. ಅಪ್ಪಟ ಮಲೆನಾಡು ಗಿಡ್ಡ, ನನ್ನ ಸೊಂಟಕ್ಕೆ ಬರುತ್ತಾಳೆ ಅಷ್ಟೆ. ಎರಡು ಹೊತ್ತೂ ಸೇರಿ 2 ಲೀಟರ್ ಕೊಟ್ಟರೆ ಅದೇ ಜಾಸ್ತಿ. ಅಜ್ಜಿ ಮದುವೆಯಾಗಿ ಬರುವಾಗ ತವರಿನಿಂದ ಬಳುವಳಿಯಾಗಿ ಒಂದು ಕಡಸು ಕೊಟ್ಟಿದ್ದರಂತೆ. ಇವಳು ಅದರದೇ ಸಂತತಿ. ನಡುವೆ ಹತ್ತು ತಲೆಮಾರಾದರೂ ಆಗಿರಬೇಕು. ಮೈ ಕೆಂಚಗಿದ್ದ ಹೆಣ್ಣುಗರುಗಳಿಗೆಲ್ಲ ಅಜ್ಜಿ ಕೌಲೆ ಅಂತಲೇ ಹೆಸರಿಡುತ್ತಿದ್ದರು. ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದು ಇವಳು ನಾಲ್ಕನೇ ಕೌಲೆ.

ಅಜ್ಜಿಯ ತವರೂರು ಈಗ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಶರಾವತಿ ಹಿನ್ನೀರಿನಲ್ಲಿ ಮುಳುಗಿತು. ತವರು ಅಂತ ಅಜ್ಜಿಗೆ ಉಳಿದಿದ್ದು ಈ ಹಸುಗಳೇ ಇರಬೇಕು. ಬಾಯಿಬಿಟ್ಟು ಹಾಗೆ ಹೇಳಿದ್ದನ್ನು ಕೇಳಿಲ್ಲ. ಆದರೆ ಜೆರ್ಸಿ ತರೋಣ ಅಂತ ಅಪ್ಪ ಎಷ್ಟು ಸಲ ಕೇಳಿದರೂ "ನಾನಿರೋವರೆಗೆ ಬ್ಯಾಡ" ಅನ್ನುತ್ತಿದ್ದರು.

ಈಗ ಕಷ್ಟ ಏನೆಂದರೆ, ಅಜ್ಜಿ ಹೋದಮೇಲೆ ಕೌಲೆ ಯಾರಿಗೂ ಹಾಲು ಬಿಡುತ್ತಿಲ್ಲ. ಕರುವನ್ನು ಬಿಟ್ಟರೆ ಸೊರೆಯುತ್ತಾಳೆ. ಅಮ್ಮ ತಂಬಿಗೆ ಹಿಡಿದು ಕೂತರೆ ಏರಿಸಿಕೊಳ್ಳುತ್ತಾಳೆ. ಸಂಜೆ ಬ್ಯಾಣದಿಂದ, ಅಂದರೆ ದನ ಮೇಯುವ ಹುಲ್ಲುಗಾವಲಿನಿಂದ, ತಾನಾಗಿ ಮನೆಗೂ ಬರುತ್ತಿಲ್ಲ. ಅಜ್ಜಿ ಗೇಟಿನ ಹತ್ತಿರ ನಿಂತು "ಅಂಬೇ... ಬಾ ಬಾ ಬಾ... ಕೌಲೇ" ಅಂತ ರಾಗ ಎಳೆದರೆ ಸಾಕಿತ್ತು. ನಾನು, ಅಪ್ಪ, ಅಮ್ಮ ಮೂವರೂ ಅದೇ ರಾಗದಲ್ಲಿ ಕರೆದು ನೋಡಿದೆವು. ಅವಳು ತಲೆ ಎತ್ತುತ್ತಾಳೆ. ನಮ್ಮನ್ನು ನೋಡುವುದಿಲ್ಲ, ನಮ್ಮ ಹಿಂದೆ ನೋಡುತ್ತಾಳೆ. ಆಮೇಲೆ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತಾಳೆ. ಮೊನ್ನೆ ಅಮ್ಮ ಅಲ್ಲೇ ಗೇಟಿಗೆ ಒರಗಿ ಅತ್ತುಬಿಟ್ಟರು.

ನಾನು ಭಾನುವಾರ ಬೆಂಗಳೂರಿಗೆ ವಾಪಸ್ ಹೋಗಬೇಕು. ಏನಾದರೂ ದಾರಿ ಇದ್ದರೆ ಹೇಳಿ. ಇನ್ನೊಂದು, ನಿಮ್ಮ ಮನೆಗಳಲ್ಲಿ ಯಾರು ಯಾವ ಪ್ರಾಣಿಯನ್ನು ಹೇಗೆ ಕರೆಯುತ್ತಿದ್ದರು ಅಂತ ಬರೆಯುತ್ತೀರಾ? ಅಜ್ಜಿಯ ದನಿಯನ್ನು ನಾವು ಎಲ್ಲೂ ಹಿಡಿದಿಟ್ಟುಕೊಂಡಿಲ್ಲ. ನಿಮ್ಮ ಮನೆಯವರದ್ದಾದರೂ ಓದಬೇಕು ಅನಿಸುತ್ತಿದೆ.

ರಾಗಿ ಹೊಲ:

ಅಜ್ಜಿಯ ಆತ್ಮಕ್ಕೆ ಶಾಂತಿ ಸಿಗಲಿ ತಮ್ಮಾ. ನಮ್ಮದು ದೊಡ್ಡಬಳ್ಳಾಪುರದ ಕಡೆ. ಹಸುವಿನ ವಿಷಯ ನನಗೆ ಅಷ್ಟು ಗೊತ್ತಿಲ್ಲ, ನಮ್ಮ ತಾತನ ಎತ್ತುಗಳ ವಿಷಯ ಹೇಳುತ್ತೇನೆ.

ಹಳ್ಳಿಕಾರ್ ಜೋಡಿ, ಬಸವ ಮತ್ತೆ ರಾಮ. ತಾತ ಅವುಗಳನ್ನು ಹೆಸರು ಹಿಡಿದು ಕರೆಯುತ್ತಿದ್ದದ್ದೇ ಕಡಿಮೆ. ನಾಲಿಗೆ ಲೊಚಗುಟ್ಟಿಸುತ್ತಿದ್ದರು, ಎರಡು ಸಲ. ಕೊಟ್ಟಿಗೆಯ ಕತ್ತಲಲ್ಲಿ ಆ ಸದ್ದಾದರೆ ಎರಡೂ ಎದ್ದು ನಿಂತು ಮೈ ಮುರಿಯುತ್ತಿದ್ದವು. ಬೆಳಗಿನ ಜಾವ ನನಗೆ ಎಚ್ಚರವಾಗುತ್ತಿದ್ದದ್ದೂ ಅದಕ್ಕೇ. ಸಂಕ್ರಾಂತಿಯ ದಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುವಾಗ ಬೇರೆಯವರ ಎತ್ತುಗಳು ಬೆದರಿ ಎಳೆದಾಡುತ್ತಿದ್ದವು. ತಾತ ಬೆಂಕಿಯ ಆಚೆ ನಿಂತು ಲೊಚಗುಟ್ಟಿದರೆ ನಮ್ಮವು ನೇರ ಹಾರಿ ಬರುತ್ತಿದ್ದವು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಚಿಕ್ಕಪ್ಪ ಟ್ರ್ಯಾಕ್ಟರ್ ತಂದರು. ಎರಡು ವರ್ಷ ಸುಮ್ನೆ ಕಟ್ಟಿ ಮೇಯಿಸಿದೆವು. ಹುಲ್ಲು ಸಾಲಲಿಲ್ಲ. ಕೊನೆಗೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೊಡೆದುಕೊಂಡು ಹೋದೆವು. ನಾನೂ ಹೋಗಿದ್ದೆ. ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಯಿತು. ಎತ್ತು ಮಾರಿದರೂ ಹಗ್ಗ ಕೊಡಬಾರದು ಅಂತ ನಮ್ಮಲ್ಲಿ ಪದ್ಧತಿ. ತಾತ ಎರಡರ ಹಗ್ಗವನ್ನೂ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಕೊಂಡವರು ಹೊಸ ಹಗ್ಗ ಹಾಕಿ ಎಳೆದರೆ ಬಸವ ಕದಲಲಿಲ್ಲ. ಅವರು "ಯಜಮಾನ್ರೇ, ನೀವೊಂದು ಮಾತು ಹೇಳಿ" ಅಂದರು. ತಾತ ಬೇರೆ ಕಡೆ ತಿರುಗಿಕೊಂಡು ಲೊಚಗುಟ್ಟಿದರು. ಎರಡೂ ನಡೆದುಬಿಟ್ಟವು.

ಆ ಹಗ್ಗಗಳು ಈಗಲೂ ಕೊಟ್ಟಿಗೆಯ ಗೂಟದಲ್ಲಿವೆ. ಕೊಟ್ಟಿಗೆಯಲ್ಲಿ ಈಗ ಬೈಕ್ ನಿಲ್ಲಿಸುತ್ತೇವೆ. ಕೊರಳಿಗೆ ಉಜ್ಜುತ್ತಿದ್ದ ಜಾಗ ಮಾತ್ರ ಕಪ್ಪಗೆ, ನುಣ್ಣಗೆ ಇದೆ.

ನಿವೃತ್ತ ಪಶುವೈದ್ಯ:

ಕೊಟ್ಟಿಗೆ ಹಾದಿಯವರೇ, 34 ವರ್ಷ ದನಗಳ ನಡುವೆಯೇ ಇದ್ದವನು ನಾನು. ಗಾಬರಿ ಬೇಡ, ಇದು ಕಾಯಿಲೆಯಲ್ಲ.

ಹಾಲು ಕೆಚ್ಚಲಲ್ಲಿ ಇದ್ದರೂ ಹಸು ಮನಸ್ಸು ಮಾಡದೆ ಕೆಳಗೆ ಇಳಿಯುವುದಿಲ್ಲ. ಕರುವಿನ ಮುಖ, ಕೆಚ್ಚಲು ತೊಳೆಯುವ ಕೈ, ಪಾತ್ರೆಯ ಸದ್ದು, ದಿನಾ ಕೇಳುವ ದನಿ, ಇವುಗಳಿಂದ ಮಿದುಳಿನಲ್ಲಿ ಆಕ್ಸಿಟೋಸಿನ್ ಬಿಡುಗಡೆಯಾಗುತ್ತದೆ. ಅದು ರಕ್ತದಲ್ಲಿ ಸೇರಿ ಕೆಚ್ಚಲಿಗೆ ಬಂದಾಗಲೇ ಸೊರೆಯುವುದು. ಅದರ ಜೋರು ಇರುವುದೂ ಕೆಲವೇ ನಿಮಿಷ. ಹೆದರಿಕೆ, ಗಲಿಬಿಲಿ ಆದರೆ ಅಡ್ರಿನಲಿನ್ ಬಂದು ಅದನ್ನು ತಡೆಯುತ್ತದೆ. ನಾಟಿ ಹಸುಗಳಲ್ಲಿ ಇದು ಜಾಸ್ತಿ. ಯೋಚನೆ ಮಾಡಿ, ಅವಳ ಮಟ್ಟಿಗೆ ಒಂದೇ ದಿನದಲ್ಲಿ ಅಜ್ಜಿ ಇಲ್ಲ, ಮನೆ ತುಂಬ ಹೊಸ ಜನ, ಕರೆಯುವ ಹೊತ್ತೂ ಹೆಚ್ಚುಕಡಿಮೆ ಆಗಿರುತ್ತದೆ.

ಒಬ್ಬರೇ ಕರೆಯಿರಿ, ಇವತ್ತು ಅಮ್ಮ ನಾಳೆ ಅಪ್ಪ ಬೇಡ. ಅಜ್ಜಿ ಯಾವ ಹೊತ್ತಿಗೆ ಕೂರುತ್ತಿದ್ದರೋ ಅದೇ ಹೊತ್ತು. ಮೊದಲು ಕರು ಬಿಡಿ, ಸೊರೆದ ಕೂಡಲೇ ಪಕ್ಕದಲ್ಲೇ ಕಟ್ಟಿ ಕರೆಯಿರಿ. ಕೊನೆಗೆ ಮತ್ತೆ ಕರು ಬಿಟ್ಟು ಕೆಚ್ಚಲು ಖಾಲಿ ಮಾಡಿಸಿ, ಹಾಲು ಕಟ್ಟಿಕೊಂಡರೆ ಕೆಚ್ಚಲು ಬಾವು ಬರುತ್ತದೆ. ಯಾರಾದರೂ ಹಾಲಿಳಿಸುವ ಇಂಜೆಕ್ಷನ್ ಕೊಡಿಸಿ ಅಂದರೆ ದಯವಿಟ್ಟು ಕೇಳಬೇಡಿ.

ಮತ್ತೆ, ಅಜ್ಜಿ ಕೊಟ್ಟಿಗೆಗೆ ಹೋದಮೇಲೆ ಏನೇನು ಮಾಡುತ್ತಿದ್ದರು, ಯಾವುದರ ನಂತರ ಯಾವುದು, ಅದನ್ನು ಸರಿಯಾಗಿ ನೆನಪು ಮಾಡಿಕೊಳ್ಳಿ. ನಾವು ದೊಡ್ಡದನ್ನು ನೆನಪಿಟ್ಟುಕೊಂಡಿರುತ್ತೇವೆ. ದನ ಸಣ್ಣದನ್ನು ನೆನಪಿಟ್ಟುಕೊಂಡಿರುತ್ತದೆ.

ಕೊಟ್ಟಿಗೆ ಹಾದಿ:

ತುಂಬಾ ಉಪಕಾರವಾಯ್ತು ಸರ್. ಅಜ್ಜಿ ಮೊದಲು ಅಕ್ಕಚ್ಚು (ಅಕ್ಕಿ ತೊಳೆದ ನೀರು) ಇಡುತ್ತಿದ್ದರು, ಆಮೇಲೆ ಬಿಸಿನೀರಲ್ಲಿ ಕೆಚ್ಚಲು ತೊಳೆದು, ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂರುತ್ತಿದ್ದರು. ಅಮ್ಮನೂ ಹಾಗೇ ಮಾಡುತ್ತಿದ್ದಾರೆ. ಬೇರೆ ಏನು ಅಂತ ನೆನಪಾಗುತ್ತಿಲ್ಲ. ನಾವ್ಯಾರೂ ಕರೆಯುವ ಹೊತ್ತಿಗೆ ಒಳಗೆ ಹೋಗುತ್ತಲೇ ಇರಲಿಲ್ಲ, ಜನ ಇದ್ದರೆ ಕೌಲೆ ಬೆಚ್ಚುತ್ತಾಳೆ ಅಂತ ಅಜ್ಜಿ ಬಿಡುತ್ತಿರಲಿಲ್ಲ.

ತುಳಸಿಕಟ್ಟೆ:

ಹಸುವನ್ನು ಕರೆಯೋದೂ ಕರೆಯೋದೇ, ಹಾಲು ಕರೆಯೋದೂ ಕರೆಯೋದೇ. ಇಷ್ಟು ದಿನ ಇದು ಹೊಳೆದೇ ಇರಲಿಲ್ಲ ನೋಡಿ.

ಘಟಪ್ರಭಾ ದಂಡೆ:

ಅಜ್ಜಿಯ ತವರು ನೀರಿನಲ್ಲಿ ಹೋಯಿತು ಅಂತ ಓದಿ ಎದೆ ಭಾರವಾಯಿತು. ನಾನು ಹಳೇ ಬಾಗಲಕೋಟೆಯವಳು. ಆಲಮಟ್ಟಿ ಹಿನ್ನೀರು ನಮ್ಮ ಓಣಿಗೆ ಬರುತ್ತದೆ ಅಂತಾದಾಗ ನವನಗರಕ್ಕೆ ಬಂದವರು ನಾವು.

ನಮ್ಮ ಅಜ್ಜನ ಹತ್ತಿರ ಒಂದು ಮುಧೋಳ ನಾಯಿ ಇತ್ತು. ಉದ್ದ ಮೋತಿ, ಒಳಗೆ ಸೇರಿದ ಹೊಟ್ಟೆ, ಎಣಿಸಿದರೆ ಎಲುಬು ಸಿಗುವ ಹಾಗೆ. ನೋಡಿದವರು ಇದಕ್ಕೆ ಕೂಳು ಹಾಕುವುದಿಲ್ಲವೇನು ಅನ್ನುತ್ತಿದ್ದರು. ಅದರ ಜಾತಿಯೇ ಹಾಗೆ, ಓಡಲಿಕ್ಕೆ ಹುಟ್ಟಿದ್ದು. ಅಜ್ಜ ಅದನ್ನು ಬಾಯಿಂದ ಕರೆದದ್ದು ನಾನು ಕೇಳಿಲ್ಲ. ಹೆಬ್ಬೆರಳು, ನಡುಬೆರಳು ಸೇರಿಸಿ ಚಿಟಿಕೆ ಹೊಡೆಯುತ್ತಿದ್ದ. ಎಷ್ಟೇ ಗದ್ದಲ ಇರಲಿ, ಅದಕ್ಕೆ ಕೇಳುತ್ತಿತ್ತು.

ಹೊಸ ಮನೆಗೆ ಬಂದ ಮೂರನೇ ದಿನ ನಾಯಿ ಕಾಣಲಿಲ್ಲ. ಅಜ್ಜ ಯಾರನ್ನೂ ಕೇಳದೆ ಸೀದಾ ಹಳೇ ಊರಿಗೆ ನಡೆದ. ನಾನು ಬೆನ್ನು ಹತ್ತಿದೆ. ಆಗಲೇ ನಮ್ಮ ಮನೆಯ ಬಾಗಿಲು, ತೊಲೆ, ಜಂತಿ ಎಲ್ಲ ಕಿತ್ತು ತಂದಿದ್ದೆವು. ಬರೀ ಗೋಡೆ. ಬಾಗಿಲೇ ಇಲ್ಲದ ಹೊಸ್ತಿಲ ಮುಂದೆ ಅದು ಕೂತಿತ್ತು, ಒಳಗೆ ಹೋಗಿರಲಿಲ್ಲ. ನಮ್ಮ ಮನೆಯಲ್ಲಿ ನಾಯಿ ಹೊಸ್ತಿಲು ದಾಟಬಾರದು ಅಂತ ಆಯಿ ಕಲಿಸಿದ್ದಳು. ಒಳಗೆ ಯಾರೂ ಇಲ್ಲದಿದ್ದರೂ, ಮೇಲೆ ಮಾಳಿಗೆ ಇಲ್ಲದಿದ್ದರೂ ಅದು ಆ ಮಾತು ಮೀರಿರಲಿಲ್ಲ.

ಅಜ್ಜ ಚಿಟಿಕೆ ಹೊಡೆಯಲಿಲ್ಲ. ಹೋಗಿ ಅದರ ಪಕ್ಕ ಕೂತ. ನಾನೂ ಕೂತೆ. ಹೊತ್ತು ಇಳಿಯುವವರೆಗೆ ಮೂವರೂ ಕೂತಿದ್ದೆವು. ಎದ್ದಾಗ ತಾನಾಗಿ ಹಿಂದೆ ಬಂತು. ಒಂದು ತಿಂಗಳು ಹೀಗೇ ನಡೆಯಿತು, ಅದು ಹೋಗುವುದು, ಅಜ್ಜ ಹೋಗಿ ಕೂರುವುದು. ಅಜ್ಜನಿಗೂ ಅಲ್ಲಿಗೆ ಹೋಗಲು ಒಂದು ನೆವ ಬೇಕಿತ್ತು ಅಂತ ಈಗ ಅನಿಸುತ್ತದೆ.

2005ರಲ್ಲಿ ಅಂಚೆ ಇಲಾಖೆಯವರು ಮುಧೋಳ ನಾಯಿಯ ಸ್ಟಾಂಪ್ ತಂದರು. ಅಷ್ಟರಲ್ಲಿ ನಮ್ಮದು ಹೋಗಿ ವರ್ಷವಾಗಿತ್ತು. ಅಜ್ಜ ನಾಲ್ಕು ಸ್ಟಾಂಪ್ ಕೊಂಡು ತಂದ, ಒಂದನ್ನೂ ಕಾಗದಕ್ಕೆ ಅಂಟಿಸಲಿಲ್ಲ. ಅಜ್ಜ ಹೋದಮೇಲೆ ಅವನ ಬಂಡಿ ಅಂಗಿಯ ಕಿಸೆಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ನಾಲ್ಕೂ ಸಿಕ್ಕವು.

ಕಡಲ ಕರೆ:

ಹೊಸ್ತಿಲ ಮಾತು ಓದಿ ಸುಮ್ಮನೆ ಕೂತುಬಿಟ್ಟೆ ಅಕ್ಕಾ.

ನಾನು ಉಡುಪಿಯ ಹತ್ತಿರದವನು, ಈಗ ದುಬೈಯಲ್ಲಿದ್ದೇನೆ. ನಮ್ಮ ಮನೆಯದ್ದು ಬೆಕ್ಕು. ಅದಕ್ಕೆ ಹೆಸರೇ ಇಲ್ಲ, ತುಳುವಿನಲ್ಲಿ ಬೆಕ್ಕಿಗೆ ಪುಚ್ಚೆ ಅನ್ನುತ್ತೇವೆ, ಅದೂ ಪುಚ್ಚೆಯೇ. ನಮ್ಮ ಅಪ್ಪನಿಗೂ ಅದಕ್ಕೂ ಆಗುತ್ತಿರಲಿಲ್ಲ. ಅಂಗಳದಲ್ಲಿ ಕಂಡರೆ "ಪೋ" ಅಂತ ಗದರುತ್ತಿದ್ದರು. ಬೆಳಿಗ್ಗೆ ಮೀನಿನವನು ಸ್ಕೂಟರಿನಲ್ಲಿ ಪೋಂ ಪೋಂ ಅಂತ ಹಾರ್ನ್ ಹೊಡೆದುಕೊಂಡು ಬರುವಾಗ ಮಾತ್ರ ಇಬ್ಬರೂ ಒಟ್ಟಿಗೆ ಗೇಟಿನ ಹತ್ತಿರ ಹೋಗುತ್ತಿದ್ದರು. ಅಪ್ಪ ಮುಂದೆ, ಅದು ಎರಡು ಮಾರು ಹಿಂದೆ.

ಅಪ್ಪ ಹೋಗಿ ಹದಿನೈದು ದಿನಕ್ಕೆ ಮೀನಿನವರು ಮನೆಗೆ ಬಂದರು. ಲೆಕ್ಕದ ಪುಸ್ತಕ ತಂದಿದ್ದರು. ಕೊಡುವುದು ಬಾಕಿ ಇದೆಯೇನೋ ಅಂತ ನಾನು ಹಣ ತರಲು ಎದ್ದೆ. ಅವರು ಬೇಡ ಅಂದರು. ಅಪ್ಪ ಪ್ರತಿ ತಿಂಗಳ ಮೊದಲ ದಿನ ಬೆಕ್ಕಿನ ಲೆಕ್ಕ ಅಂತ ಬೇರೆಯೇ ಮುಂಗಡ ಕೊಟ್ಟಿಡುತ್ತಿದ್ದರಂತೆ. ಮನೆಗೆ ಬಂಗುಡೆ ತೆಗೆದುಕೊಳ್ಳಲಿ, ಬಿಡಲಿ, ಬೆಕ್ಕಿಗೆ ದಿನಾ ಎರಡು ಬೂತಾಯಿ. ತಾನು ಊರಲ್ಲಿ ಇಲ್ಲದ ದಿನವೂ. ಉಳಿದ ತೊಂಬತ್ತು ರೂಪಾಯಿ ವಾಪಸ್ ಕೊಡಲಾ, ಮೀನು ಹಾಕುವುದು ಮುಂದುವರಿಸಲಾ ಅಂತ ಕೇಳಲು ಬಂದಿದ್ದರು.

ಅಮ್ಮನಿಗೂ ಗೊತ್ತಿರಲಿಲ್ಲ ಇದು. ಈಗ ತಿಂಗಳ ಮೊದಲ ದಿನ ನಾನು ಇಲ್ಲಿಂದ ಗೂಗಲ್ ಪೇ ಮಾಡುತ್ತೇನೆ. ಯಾಕೆ ಅಂತ ಬರೆಯುವ ಜಾಗದಲ್ಲಿ "ಬೆಕ್ಕಿನ ಲೆಕ್ಕ" ಅಂತಲೇ ಹಾಕುತ್ತೇನೆ.

ಊರ ಸಂತೆ:

ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ. ನಾನು ಬೇರೆಯದೊಂದನ್ನು ಹೇಳಲೇಬೇಕು. ನಾವು ಬೆಳೆದ ಊರುಗಳಲ್ಲಿ ಪ್ರಾಣಿಗಳ ಮೇಲೆ ಬರೀ ಪ್ರೀತಿಯೇ ಇತ್ತು ಅನ್ನುವ ಹಾಗಾಗಬಾರದು.

ನನಗೆ ಹತ್ತು ವರ್ಷ. ನಮ್ಮ ಬೆಕ್ಕು ಅಟ್ಟದ ಮೇಲೆ ನಾಲ್ಕು ಮರಿ ಹಾಕಿತ್ತು. ದೊಡ್ಡಪ್ಪ ಮರಿಗಳನ್ನು ಗೋಣಿಚೀಲಕ್ಕೆ ಹಾಕಿ, ಸಂತೆ ಮಾಳದಲ್ಲಿ ಬಿಟ್ಟು ಬಾ ಅಂತ ನನ್ನ ಕೈಗೆ ಕೊಟ್ಟರು. ಆಗ ಎಲ್ಲರ ಮನೆಯಲ್ಲೂ ಇದೇ ನಡೆಯುತ್ತಿತ್ತು, ದೊಡ್ಡಪ್ಪ ಕೆಟ್ಟವರಲ್ಲ. ಚೀಲ ಬಿಸಿಯಾಗಿತ್ತು. ದಾರಿಯುದ್ದಕ್ಕೂ ಬೆನ್ನಿಗೆ ಆ ಬಿಸಿ ತಾಗುತ್ತಿತ್ತು. ಮೀನಿನ ಕಟ್ಟೆಯ ಹತ್ತಿರ ಬಿಟ್ಟು, ತಿರುಗಿ ನೋಡದೆ ಓಡಿ ಬಂದೆ.

ತಾಯಿ ಬೆಕ್ಕು ಮೂರು ರಾತ್ರಿ ಅಟ್ಟದ ಮೇಲೆ, ಕೊಟ್ಟಿಗೆಯಲ್ಲಿ, ಬಚ್ಚಲ ಒಲೆಯ ಹಿಂದೆ ಹುಡುಕಿತು. ಮರಿಗಳನ್ನು ಕರೆಯುವ ದನಿ ಬೇರೆಯೇ ಇರುತ್ತದೆ, ಗಂಟಲಿನಿಂದ ಬರುವಂಥದ್ದು. ನಮ್ಮ ಮನೆಯಲ್ಲಿ ಯಾರು ಹೇಗೆ ಕರೆಯುತ್ತಿದ್ದರು ಅಂತ ಕೇಳಿದಿರಲ್ವಾ. ನನಗೆ ನೆನಪಿರುವ ಕರೆ ಅದೊಂದೇ. ಈಗ ನನ್ನ ಬೀದಿಯ ಬೆಕ್ಕು, ನಾಯಿಗಳಿಗೆ ಆಪರೇಷನ್ ಮಾಡಿಸುತ್ತೇನೆ, ಆದಷ್ಟು. ಹಳೆಯದಕ್ಕೆ ಅದು ಸರಿಹೋಗುವುದಿಲ್ಲ, ಗೊತ್ತು.

ರಾಗಿ ಹೊಲ:

ಇದನ್ನು ಬರೆದಿದ್ದು ಒಳ್ಳೆಯದಾಯ್ತು. ನಾವೂ ಮಾಡಿದ್ದೇವೆ. ನಾನು ಹೇಳಿರಲಿಲ್ಲ ಅಷ್ಟೆ.

ಮೂರನೇ ಮಹಡಿ:

ವೈದ್ಯರನ್ನು ಒಂದು ಕೇಳಲೇ? ಅಮ್ಮ ಕಳೆದ ವಾರ ಹೋದರು. ಅವರ ನಾಯಿ ನಾಲ್ಕು ದಿನದಿಂದ ಊಟ ಮುಟ್ಟುತ್ತಿಲ್ಲ. ಅಮ್ಮನ ಕೋಣೆಯ ಬಾಗಿಲಲ್ಲೇ ಮಲಗಿರುತ್ತದೆ. ನೀರು ಕುಡಿಯುತ್ತದೆ. ನಾವು ಆ ಕೋಣೆಯನ್ನು ಮುಚ್ಚಿದ್ದೇವೆ, ನೋಡಿದರೆ ಅದಕ್ಕೆ ಸಂಕಟ ಆಗುತ್ತದೆ ಅಂತ.

ನಿವೃತ್ತ ಪಶುವೈದ್ಯ:

ಬಾಗಿಲು ತೆಗೆಯಿರಿ ಅಮ್ಮಾ. ಒಳಗೆ ಹೋಗಿ ಮೂಸಿ ನೋಡಲಿ, ಅಮ್ಮ ಒಳಗಿಲ್ಲ ಅಂತ ಅದಕ್ಕೇ ತಿಳಿಯಲಿ. ಅವರ ಒಂದು ಹಳೇ ಸೀರೆ ಕೊಟ್ಟರೂ ಆಗುತ್ತದೆ, ಒಗೆಯದೇ ಇರುವುದು. ವಾಕಿಂಗ್ ಹೊತ್ತು ತಪ್ಪಿಸಬೇಡಿ. ಆದರೆ ನಾಲ್ಕು ದಿನ ಊಟ ಬಿಟ್ಟಿದೆ ಅಂದರೆ ಕಾಯುವುದು ಬೇಡ, ನಾಳೆಯೇ ಡಾಕ್ಟರಿಗೆ ತೋರಿಸಿ. ದುಃಖ ಅಂತ ನಾವು ಅಂದುಕೊಂಡದ್ದರ ಹಿಂದೆ ಕೆಲವು ಸಲ ಜ್ವರವೂ ಇರುತ್ತದೆ.

ಮೂರನೇ ಮಹಡಿ:

ಬಾಗಿಲು ತೆಗೆದೆ. ಮಂಚದ ಕೆಳಗೆ ಹೋಗಿ ಮಲಗಿದೆ. ಡಾಕ್ಟರ್ ಹತ್ತಿರ ಬೆಳಿಗ್ಗೆ 10ಕ್ಕೆ ಹೋಗುತ್ತೇವೆ.

ಕೊಟ್ಟಿಗೆ ಹಾದಿ:

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಬೆಕ್ಕಿನ ಲೆಕ್ಕವನ್ನು ಎರಡು ಸಲ ಓದಿಸಿದರು. ಇವತ್ತು ಶನಿವಾರ, ನಡೆದಿದ್ದನ್ನು ಬರೆಯದೆ ಬಸ್ ಹತ್ತಬಾರದು ಅಂತ ಕೂತಿದ್ದೇನೆ.

ಸೊಪ್ಪು ಕಡಿಯಲು, ದರಗು (ಒಣಗಿದ ಎಲೆ) ಗುಡಿಸಲು ನಮ್ಮಲ್ಲಿಗೆ ಒಬ್ಬ ಅಕ್ಕ ಬರುತ್ತಾರೆ. ಇಪ್ಪತ್ತು ವರ್ಷದಿಂದ ಬರುತ್ತಿದ್ದಾರೆ. ಸಾವಾದಮೇಲೆ ಅವರಿಗೂ ಮೈ ಸರಿ ಇರಲಿಲ್ಲ, ನಿನ್ನೆ ಸಂಜೆಯೇ ಬಂದಿದ್ದು. ಅಮ್ಮ ಕೌಲೆಯ ಹತ್ತಿರ ಕೂತು, ಅಜ್ಜಿಯ ಹಾಗೇ ಮೆಲ್ಲಗೆ "ಅಂಬೇ, ಬಾರೇ ಚಿನ್ನಾ" ಅಂತ ಮೈ ಸವರುತ್ತಿದ್ದರು. ಆ ಅಕ್ಕ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ಅಮ್ಮಾ, ಇದೇನು ಹಿಂಗೆ ಮಾತಾಡ್ತೀರಿ? ದೊಡ್ಡಮ್ಮ ಬಯ್ತಿದ್ರಲ್ಲ" ಅಂದರು.

ನಮಗೆ ಅರ್ಥವಾಗಲಿಲ್ಲ. ಅಜ್ಜಿ ರಾಗ ಎಳೆದು ಕರೆಯುತ್ತಿದ್ದದ್ದು ಗೇಟಿನವರೆಗೆ ಮಾತ್ರವಂತೆ. ಕೊಟ್ಟಿಗೆಯ ಬಾಗಿಲು ಹಾಕಿಕೊಂಡ ಮೇಲೆ ಕರೆದು ಮುಗಿಯುವವರೆಗೂ ಬಯ್ಗುಳವಂತೆ. "ನಿಂತ್ಕಳೇ ಮಾರಿ. ಏನ್ ಕುಣೀತೀಯೇ. ನಿನ್ನಜ್ಜಿ ಕೈಲಿ ಒದೆಸ್ಕಂಡಿದೀನಿ, ನಿನ್ನಮ್ಮನ ಕೈಲಿ ಒದೆಸ್ಕಂಡಿದೀನಿ, ನಿಂದು ಯಾವ ಲೆಕ್ಕ." ಅಪ್ಪ ಜೆರ್ಸಿ ತರುತ್ತಾರೆ ಅಂತಲೂ ಹೆದರಿಸುತ್ತಿದ್ದರಂತೆ. ಆಮೇಲೆ ತವರಿನ ಸುದ್ದಿ. ಹೊಳೆಯಾಚೆಯ ಗದ್ದೆ, ಅಲ್ಲಿನ ಮಾವಿನ ಮರ, ಅಣ್ಣಂದಿರು, ಯಾರ ಮದುವೆಗೆ ಯಾರು ಬರಲಿಲ್ಲ, ಎಲ್ಲ ಬಯ್ಯುವ ದನಿಯಲ್ಲೇ. ನಮ್ಮ ಹತ್ತಿರ ಒಂದು ದಿನವೂ ಆಡದ ಮಾತುಗಳು.

ಅಮ್ಮನಿಗೆ ಬಯ್ಯಲು ಬರುವುದಿಲ್ಲ. ನಿಜವಾಗಿ ಬರುವುದಿಲ್ಲ, ನಮ್ಮನ್ನೂ ಬೈದವರಲ್ಲ. ಮೊದಲ ಸಲ "ನಿಂತ್ಕಳೇ" ಅನ್ನುವಾಗ ದನಿಯೇ ಹೊರಡಲಿಲ್ಲ. ಆ ಅಕ್ಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಮಾತು ಹೇಳಿಕೊಟ್ಟರು, ಅಮ್ಮ ಹಿಂದೆ ಹಿಂದೆ ಹೇಳಿದರು. "ನಿನ್ನಜ್ಜಿ ಕೈಲಿ ಒದೆಸ್ಕಂಡಿದೀನಿ" ಅನ್ನುವ ಹೊತ್ತಿಗೆ ಅಮ್ಮ ಅಳುತ್ತಿದ್ದರು, ಅಳುತ್ತಲೇ ಜೋರಾಗಿ ಬೈದರು.

ಕೌಲೆಯ ಬಲಗಿವಿ ಹಿಂದಕ್ಕೆ ತಿರುಗಿತು. ಮೆಲುಕು ನಿಲ್ಲಿಸಿದಳು. ಹಿಂಗಾಲು ಸ್ವಲ್ಪ ಅಗಲ ಮಾಡಿ ನಿಂತಳು. ನಾನು ಹೊರಗೆ ನಿಂತಿದ್ದೆ, ತಂಬಿಗೆಯ ತಳಕ್ಕೆ ಹಾಲು ಬಿದ್ದ ಸದ್ದು ಕೇಳಿತು. ಮೊದಲು ಸಣ್ಣಗೆ, ಆಮೇಲೆ ಸೊರ್ ಸೊರ್ ಅಂತ. ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ ಆಯಿತು.

ಇವತ್ತು ಬೆಳಿಗ್ಗೆಯೂ ಕೊಟ್ಟಳು. ಬ್ಯಾಣದಿಂದ ಮಾತ್ರ ಇನ್ನೂ ತಾನಾಗಿ ಬರುತ್ತಿಲ್ಲ, ಹೋಗಿ ಹೊಡೆದುಕೊಂಡು ಬರಬೇಕು. ಬರಲಿ ನಿಧಾನ. ಆ ಅಕ್ಕನಿಗೆ ನೆನಪಿರುವ ಬಯ್ಗುಳ, ತವರಿನ ಸುದ್ದಿ ಎಲ್ಲ ಹೇಳಿಸಿ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಏಳು ಪುಟ ಆಗಿದೆ. ಅಜ್ಜಿಯ ತವರಿನ ಗದ್ದೆಗಳ ಹೆಸರು ಅಪ್ಪನಿಗೇ ಗೊತ್ತಿರಲಿಲ್ಲ, ಅವೂ ಅದರಲ್ಲಿವೆ. ಬಸ್ಸಿಗೆ ಇನ್ನೂ ಹೊತ್ತಿದೆ, ಸಂಜೆ ಕರೆಯುವಾಗ ಅವರು ಮತ್ತೆ ಬರುತ್ತಾರೆ.